ತೂಕದ ಮಷೀನು ಎಲ್ಲಿರಬೇಕು ಅಂತ ರೋಗಿಯನ್ನು ಯಾರು ಕೇಳುತ್ತಾರೆ?

ಲಂಡನ್ನಿನ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಲೂಟನ್ ಅನ್ನೋ ಊರಿದೆ. ಅಲ್ಲಿನ ಲೂಟನ್ ಅಂಡ್ ಡನ್‌ಸ್ಟೇಬಲ್ ಆಸ್ಪತ್ರೆಗೆ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಆದವರು ಬರುತ್ತಿದ್ದರು. ಬಾಯಿ, ನಾಲಿಗೆ, ಗಂಟಲು ಇವೆಲ್ಲ ಈ ಲೆಕ್ಕಕ್ಕೇ ಸೇರುತ್ತವೆ. ಈ ಕಾಯಿಲೆಯಲ್ಲಿ ನುಂಗುವುದೇ ಕಷ್ಟ. ಊಟ ಸೇರುವುದಿಲ್ಲ, ಮೈ ಇಳಿಯುತ್ತದೆ. ಹಾಗಾಗಿ ಪ್ರತಿ ಸಲ ಬಂದಾಗಲೂ ಮೊದಲು ತೂಕ ನೋಡುತ್ತಾರೆ. ಆ ತೂಕದ ಮಷೀನು ಇದ್ದದ್ದು ಎಲ್ಲರಿಗೂ ಕಾಣುವಂಥ ಜಾಗದಲ್ಲಿ.

ಇದರಲ್ಲೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಅದೇ ಕಾಯಿಲೆಯ ಇನ್ನೂ ಹತ್ತು ಜನ ನೋಡುತ್ತಿರುವಾಗ ಅದರ ಮೇಲೆ ನಿಲ್ಲಬೇಕು ಅಂದರೆ? ಕಳೆದ ಸಲಕ್ಕಿಂತ ಮೂರು ಕೆಜಿ ಕಡಿಮೆ ಬಂದರೆ ಅದರ ಅರ್ಥ ಏನು ಅಂತ ಅಲ್ಲಿ ಕೂತವರಿಗೆಲ್ಲ ಗೊತ್ತು. ಡಾಕ್ಟರಿಗೆ, ನರ್ಸಿಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಅವರೇನು ಕೆಟ್ಟವರಲ್ಲ. ದಿನಾ ಓಡಾಡುವ ಜಾಗದಲ್ಲಿ ಯಾವ ಸಾಮಾನು ಎಲ್ಲಿದೆ ಅಂತ ಯಾರು ಗಮನಿಸುತ್ತಾರೆ?

2005-06ರಲ್ಲಿ ಆ ಆಸ್ಪತ್ರೆಯಲ್ಲಿ ರೋಗಿಗಳನ್ನೂ ಸಿಬ್ಬಂದಿಯನ್ನೂ ಒಟ್ಟಿಗೆ ಕೂರಿಸಿ, "ಈ ವಿಭಾಗವನ್ನು ಹೊಸದಾಗಿ ಹೇಗೆ ನಡೆಸೋಣ" ಅಂತ ಕೇಳುವ ಒಂದು ಪ್ರಯೋಗ ನಡೆಯಿತು. ತೂಕದ ಮಷೀನಿನ ಮಾತು ಹೊರಬಂದದ್ದು ಅಲ್ಲಿ. ಅದನ್ನು ಮರೆಯಾದ ಜಾಗಕ್ಕೆ ಸರಿಸಿದರು. ಖರ್ಚು ಅಂತ ಹೇಳುವಂಥದ್ದೇನೂ ಇಲ್ಲ. ಇಂಥ ಹತ್ತಾರು ಬದಲಾವಣೆಗಳು ಆ ಪ್ರಯೋಗದಿಂದ ಬಂದವು.

ಈ ರೀತಿಯ ಕೆಲಸಕ್ಕೆ ಈಗ ಕೋ-ಡಿಸೈನ್ ಅಂತ ಹೆಸರು. ಸೇವೆಯನ್ನು ಬಳಸುವವರು ಮತ್ತು ಕೊಡುವವರು ಶುರುವಿನಿಂದಲೇ ಜೊತೆ ಕೂತು ಅದನ್ನು ರೂಪಿಸುವುದು, ಅಷ್ಟೇ. ಹೇಳುವುದು ಸುಲಭ. ಮಾಡುವಾಗ ಎಲ್ಲಿ ತೊಡಕು ಬರುತ್ತದೆ, ಯಾವಾಗ ಫಲ ಕೊಡುತ್ತದೆ, ಯಾವಾಗ ಇಲ್ಲ ಅನ್ನುವುದೇ ನಿಜವಾದ ಪ್ರಶ್ನೆ.

ಮೊದಲಿಗೆ, ಇದು ಸಲಹೆ ಪೆಟ್ಟಿಗೆ ಅಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಬಾಗಿಲ ಪಕ್ಕ ಒಂದು ಪೆಟ್ಟಿಗೆ ತೂಗುಹಾಕಿರುತ್ತಾರೆ. ಖಾಸಗಿ ಆಸ್ಪತ್ರೆಯಾದರೆ ಡಿಸ್ಚಾರ್ಜ್ ಆಗುವಾಗ ಒಂದು ಫಾರ್ಮ್ ಕೊಡುತ್ತಾರೆ, ಐದರಲ್ಲಿ ಎಷ್ಟು ಸ್ಟಾರ್ ಕೊಡ್ತೀರಿ ಅಂತ. ಬಿಲ್ ಕಟ್ಟಿ, ಆಟೋ ಕರೆದು, ಮನೆಗೆ ಹೋದರೆ ಸಾಕು ಅನ್ನುವ ಹೊತ್ತಲ್ಲಿ ಯಾರಾದರೂ ಯೋಚಿಸಿ ಬರೆಯುತ್ತಾರಾ? ಎಲ್ಲ ಚೆನ್ನಾಗಿತ್ತು ಅಂತ ಟಿಕ್ ಹಾಕಿ ಬರುತ್ತೇವೆ. ಅಲ್ಲಿ ಕೇಳುವ ಪ್ರಶ್ನೆಗಳೂ ಆಸ್ಪತ್ರೆಯವರೇ ಆರಿಸಿದ್ದು. ತೂಕದ ಮಷೀನು ಎಲ್ಲಿದ್ದರೆ ಒಳ್ಳೆಯದು ಅನ್ನುವ ಪ್ರಶ್ನೆ ಆ ಫಾರ್ಮಿನಲ್ಲಿ ಯಾವತ್ತೂ ಇರುವುದಿಲ್ಲ, ಏಕೆಂದರೆ ಅದೊಂದು ಪ್ರಶ್ನೆ ಅಂತ ಅವರಿಗೇ ಗೊತ್ತಿಲ್ಲ.

ಬಳಸುವವರನ್ನು ಕೇಳದೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2021ರ ಮೇ 1ರಂದು 18 ವರ್ಷ ದಾಟಿದ ಎಲ್ಲರಿಗೂ ಕೋವಿಡ್ ಲಸಿಕೆ ಅಂದಾಗ, 45ಕ್ಕಿಂತ ಚಿಕ್ಕವರು ಕೋವಿನ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ಮೊದಲೇ ಹೆಸರು ಹಾಕಿ ಸ್ಲಾಟ್ ಹಿಡಿಯಲೇಬೇಕಿತ್ತು. ಫೋನು ಬೇಕು, ಇಂಟರ್ನೆಟ್ ಬೇಕು, ಇಂಗ್ಲಿಷ್ ಓದಲು ಬರಬೇಕು, ಬೆರಳು ಚುರುಕಾಗಿರಬೇಕು. ಕನ್ನಡವೂ ಸೇರಿ ಹಲವು ಭಾಷೆಗಳು ಅಲ್ಲಿ ಬಂದದ್ದು ಜೂನ್‌ನಲ್ಲಿ. ಅಷ್ಟರೊಳಗೆ ಬೆಂಗಳೂರಿನ ಜನ ಸುತ್ತಮುತ್ತಲ ಹಳ್ಳಿಗಳ ಪಿಎಚ್‌ಸಿಗಳಲ್ಲಿ ಸ್ಲಾಟ್ ಹಿಡಿದು ಕಾರಿನಲ್ಲಿ ಹೋಗಿ ಚುಚ್ಚಿಸಿಕೊಂಡು ಬಂದರು. ಆ ಊರಿನವರು ಬಾಗಿಲಲ್ಲಿ ನಿಂತು ನೋಡಿದರು. ತಾಂತ್ರಿಕವಾಗಿ ವ್ಯವಸ್ಥೆ ಕೆಲಸ ಮಾಡಿತು, ಕೋಟಿಗಟ್ಟಲೆ ಜನರ ಹೆಸರನ್ನು ಹಿಡಿದಿಟ್ಟಿತು. ಆದರೆ ಅದನ್ನು ರೂಪಿಸುವಾಗ ಮೇಜಿನ ಸುತ್ತ ಒಬ್ಬ ಕೂಲಿ ಕೆಲಸದವಳು, ಒಬ್ಬ ಆಶಾ ಕಾರ್ಯಕರ್ತೆ ಕೂತಿದ್ದರೆ ಸ್ಥಳದಲ್ಲೇ ಹೆಸರು ಬರೆಸುವ ಅನುಕೂಲ ಮೊದಲ ದಿನವೇ ಇರುತ್ತಿತ್ತು ಅಂತ ನನಗನ್ನಿಸುತ್ತದೆ.

ಲೂಟನ್ನಿನ ಪ್ರಯೋಗಕ್ಕೆ ಮರಳೋಣ, ಏಕೆಂದರೆ ಅವರು ಮಾಡಿದ ಕ್ರಮದಲ್ಲೇ ಬಹಳಷ್ಟು ಜಾಣತನ ಇದೆ. ಪಾಲ್ ಬೇಟ್ ಮತ್ತು ಗ್ಲೆನ್ ರಾಬರ್ಟ್ ಅನ್ನುವ ಇಬ್ಬರು ಸಂಶೋಧಕರು ಇದನ್ನು ರೂಪಿಸಿದರು. ಇದರಲ್ಲಿ ಮೊದಲು ವಿಭಾಗದಲ್ಲಿ ಸುಮ್ನೆ ಕೂತು ನೋಡುತ್ತಾರೆ. ಆಮೇಲೆ ಸಿಬ್ಬಂದಿಯನ್ನು ಮಾತಾಡಿಸುತ್ತಾರೆ. ನಂತರ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಗಂಟು ಕಾಣಿಸಿದ ದಿನದಿಂದ ಇವತ್ತಿನವರೆಗೆ ಏನಾಯಿತು ಅಂತ ಅವರದೇ ಮಾತಿನಲ್ಲಿ ಹೇಳಿಸಿ ವಿಡಿಯೋ ಮಾಡುತ್ತಾರೆ. ಪ್ರಶ್ನೆ ಪಟ್ಟಿ ಇಲ್ಲ. ಹೇಳಿದಷ್ಟು ಕೇಳುವುದು.

ಆ ವಿಡಿಯೋಗಳನ್ನೆಲ್ಲ ಕತ್ತರಿಸಿ ಜೋಡಿಸಿ ಅರ್ಧ ಗಂಟೆಯ ಒಂದು ಚಿತ್ರ ಮಾಡುತ್ತಾರೆ. ಇಲ್ಲಿ ಗಮನಿಸಬೇಕಾದ್ದು, ಅದನ್ನು ಮೊದಲು ನೋಡುವವರು ರೋಗಿಗಳೇ. ಅವರು ಒಪ್ಪಿದ ಮೇಲೆಯೇ ಡಾಕ್ಟರು, ನರ್ಸುಗಳಿಗೆ ತೋರಿಸುವುದು. ರೋಗಿಗಳೇ ಒಂದು ಕಡೆ, ಸಿಬ್ಬಂದಿಯೇ ಒಂದು ಕಡೆ, ಎರಡೂ ಗುಂಪು ಬೇರೆ ಬೇರೆ ಸಭೆ ಸೇರುತ್ತವೆ. ಯಾವ ಹೊತ್ತಲ್ಲಿ ಭಯ ಆಯಿತು, ಎಲ್ಲಿ ಸಮಾಧಾನ ಸಿಕ್ಕಿತು, ಎಲ್ಲಿ ಅವಮಾನ ಅನ್ನಿಸಿತು ಅಂತ ಬಂದ ದಾರಿಯುದ್ದಕ್ಕೂ ಗುರುತು ಹಾಕುತ್ತಾರೆ. ಆಮೇಲಷ್ಟೇ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಚಿತ್ರ ನೋಡಿ, ಯಾವುದನ್ನು ಮೊದಲು ಸರಿ ಮಾಡೋಣ ಅಂತ ಆರಿಸಿಕೊಳ್ಳುತ್ತಾರೆ. ಒಂದೊಂದು ವಿಷಯಕ್ಕೆ ಒಂದೊಂದು ಸಣ್ಣ ತಂಡ. ತಂಡದಲ್ಲಿ ರೋಗಿಯೂ ಇರುತ್ತಾರೆ, ನರ್ಸೂ ಇರುತ್ತಾರೆ.

ಮೊದಲೇ ಎಲ್ಲರನ್ನೂ ಒಟ್ಟಿಗೆ ಯಾಕೆ ಕೂರಿಸುವುದಿಲ್ಲ? ಡಾಕ್ಟರ ಎದುರು ನಾವು ಹೇಗೆ ಕೂರುತ್ತೇವೆ ಅಂತ ನೆನಪು ಮಾಡಿಕೊಳ್ಳಿ. "ಏನಾದ್ರೂ ತೊಂದರೆ ಇದೆಯಾ?" ಅಂದರೆ "ಇಲ್ಲ ಸಾರ್, ಎಲ್ಲ ಚೆನ್ನಾಗಿದೆ" ಅಂತಲೇ ಬಾಯಿಗೆ ಬರುವುದು. ನಾಳೆ ಮತ್ತೆ ಇವರ ಹತ್ತಿರವೇ ಬರಬೇಕಲ್ಲ ಅನ್ನುವ ಅಳುಕು. ಡಾಕ್ಟರಿಗೂ ಅಷ್ಟೇ. ರೋಗಿಯ ಎದುರು "ನಮ್ಮಲ್ಲಿ ಇದು ಸರಿಯಿಲ್ಲ" ಅಂತ ಒಪ್ಪಿಕೊಳ್ಳುವುದು ಸುಲಭವಲ್ಲ. ಬೇರೆ ಬೇರೆ ಕೂತು ಮಾತಾಡಿದಾಗ ಎರಡೂ ಕಡೆಯವರಿಗೆ ಒಂದಿಷ್ಟು ಧೈರ್ಯ ಬರುತ್ತದೆ. ವಿಡಿಯೋದ ಉಪಯೋಗವೂ ಇದೇ. ಎದುರಿಗೆ ನಿಂತು ಹೇಳಲಾಗದ್ದನ್ನು ಪರದೆ ಹೇಳುತ್ತದೆ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಆಸ್ಪತ್ರೆಯನ್ನು ಬಳಸುವವರು ರೋಗಿಗಳು ಮಾತ್ರ ಅಲ್ಲ. ನರ್ಸು, ವಾರ್ಡ್ ಬಾಯ್, ಆಯಾ, ಫಾರ್ಮಸಿಯಲ್ಲಿ ಔಷಧಿ ಕೊಡುವವರು, ಇವರೆಲ್ಲ ಅದೇ ಕಟ್ಟಡ, ಅದೇ ರಿಜಿಸ್ಟರು, ಅದೇ ಆ್ಯಪ್ ಬಳಸುವವರು. ಬಳಸುವವರ ಜೊತೆ ಸೇರಿ ರೂಪಿಸುವ ಈ ಯೋಚನೆ ಬೆಳೆದದ್ದೇ 1970ರ ದಶಕದ ಸ್ಕ್ಯಾಂಡಿನೇವಿಯಾದ ಕಾರ್ಮಿಕ ಸಂಘಗಳಿಂದ. ಕಾರ್ಖಾನೆಗೆ ಕಂಪ್ಯೂಟರ್ ಬರುತ್ತಿದೆ, ಅದು ಹೇಗಿರಬೇಕು ಅನ್ನುವುದರಲ್ಲಿ ನಮಗೂ ಮಾತಿರಬೇಕು ಅಂತ ನಾರ್ವೆಯ ಲೋಹ ಕಾರ್ಮಿಕರ ಸಂಘ ಕೇಳಿತು. ಕ್ರಿಸ್ಟೆನ್ ನಿಗಾರ್ಡ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಅವರ ಜೊತೆ ನಿಂತರು. ಮುಂದಿನ ದಶಕದಲ್ಲಿ ಅದೇ ದಾರಿ ಹಿಡಿದು ಅಲ್ಲಿನ ನರ್ಸುಗಳ ಜೊತೆ ಸೇರಿ ಅವರ ದಿನದ ಕೆಲಸಕ್ಕೆ ಬೇಕಾದ ಕಂಪ್ಯೂಟರ್ ವ್ಯವಸ್ಥೆ ಮಾಡುವ ಯೋಜನೆಯೂ ನಡೆಯಿತು. ನಮ್ಮ ಆಶಾ ಕಾರ್ಯಕರ್ತೆಯರನ್ನು ಕೇಳಿ ನೋಡಿ, ಒಂದೇ ಗರ್ಭಿಣಿಯ ವಿವರವನ್ನು ಪುಸ್ತಕದಲ್ಲೂ ಬರೆದು ಫೋನಿನಲ್ಲೂ ತುಂಬುವ ಕಷ್ಟ ಅವರು ಹೇಳುತ್ತಾರೆ.

ಜೊತೆ ಕೂತು ಕೆಲಸ ಮಾಡುವುದರಿಂದ ಸಿಗುವ ಬಹುದೊಡ್ಡ ಲಾಭ ಅಂದರೆ, ಎಷ್ಟೋ ಸಲ ಪ್ರಶ್ನೆಯೇ ಬದಲಾಗಿಬಿಡುತ್ತದೆ. ಇದಕ್ಕೆ ಬೆಂಗಳೂರಿನ ನಂಟಿರುವ ಒಂದು ಕಥೆ ಇದೆ.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ತುಂಬಾ ದುಬಾರಿ, ಅಗ್ಗದ್ದೊಂದು ಮಾಡಿ ಅಂತ. ಇಂಥ ಮಕ್ಕಳ ಮೈಯಲ್ಲಿ ಕೊಬ್ಬು ಕಡಿಮೆ, ತಮ್ಮ ಮೈಬಿಸಿಯನ್ನು ತಾವೇ ಕಾಪಾಡಿಕೊಳ್ಳಲು ಆಗುವುದಿಲ್ಲ. ತಂಡದ ಒಬ್ಬರು ನೇಪಾಳಕ್ಕೆ ಹೋಗಿ ಆಸ್ಪತ್ರೆ ನೋಡಿದರು. ಅಲ್ಲಿ ಇನ್‌ಕ್ಯುಬೇಟರ್‌ಗಳಿದ್ದವು, ಖಾಲಿ ಬಿದ್ದಿದ್ದವು! ಕಾರಣ, ಮಕ್ಕಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಕಾಠ್ಮಂಡುವಿನ ಆಸ್ಪತ್ರೆ ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಅಂದಮೇಲೆ ಅಗ್ಗದ ಇನ್‌ಕ್ಯುಬೇಟರ್ ತಗೊಂಡು ಏನು ಮಾಡೋದು? ಕರೆಂಟ್ ಇಲ್ಲದ ಕಡೆಯೂ ತಾಯಿಯ ಕೈಯಲ್ಲೇ ಮಗು ಬೆಚ್ಚಗಿರುವಂತೆ ಮಾಡುವುದು ಹೇಗೆ ಅಂತ ಪ್ರಶ್ನೆ ಹೊರಳಿತು.

ಹಾಗೆ ಹುಟ್ಟಿದ್ದು ಎಂಬ್ರೇಸ್. ನೋಡಲು ಪುಟ್ಟ ಮಲಗುವ ಚೀಲದ ಹಾಗಿದೆ. ಮಗುವಿನ ಬೆನ್ನ ಕೆಳಗೆ ಮೇಣದಂಥ ವಸ್ತು ತುಂಬಿದ ಒಂದು ಪೊಟ್ಟಣ. ಅದನ್ನು ಒಮ್ಮೆ ಬಿಸಿ ಮಾಡಿಕೊಂಡರೆ ನಾಲ್ಕಾರು ಗಂಟೆ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಏಕೆಂದರೆ ಆ ವಸ್ತು ಕರಗಿದ ಸ್ಥಿತಿಯಿಂದ ನಿಧಾನವಾಗಿ ಗಟ್ಟಿಯಾಗುತ್ತಾ ಒಂದೇ ಹದದ ಬಿಸಿ ಬಿಡುತ್ತಾ ಹೋಗುತ್ತದೆ. ತಂಡ ಬೆಂಗಳೂರಿಗೆ ಬಂದು ಇಲ್ಲೇ ನೆಲೆಸಿ ಕೆಲಸ ಮಾಡಿತು. 2011ರಲ್ಲಿ ಎಂಬ್ರೇಸ್ ಭಾರತದಲ್ಲಿ ಬಳಕೆಗೆ ಬಂತು.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಒಂದು ಸಣ್ಣ ವಿಷಯ. ಮೊದಲ ಮಾದರಿಯಲ್ಲಿ ಬಿಸಿ ಎಷ್ಟಿದೆ ಅಂತ ಅಂಕಿಯಲ್ಲಿ ತೋರಿಸುವ ಪಟ್ಟಿ ಇತ್ತು. 37ಕ್ಕೆ ಬರುವವರೆಗೆ ಕಾಯಿಸಿ ಅಂತ ಹಳ್ಳಿಯ ತಾಯಂದಿರಿಗೆ ಹೇಳಿದಾಗ, ಒಬ್ಬ ತಾಯಿ ತಾನು ಅಷ್ಟು ಕಾಯಿಸುವುದಿಲ್ಲ ಅಂದಳು. ಇಂಗ್ಲಿಷ್ ಔಷಧಿ ಯಾವಾಗಲೂ ಜೋರು, ಡಾಕ್ಟರು ಒಂದು ಚಮಚ ಅಂದರೆ ನಾವು ಅರ್ಧ ಚಮಚ ಕೊಡುತ್ತೇವೆ, ಇದೂ ಹಾಗೇ ಸ್ವಲ್ಪ ಕಡಿಮೆಯೇ ಇರಲಿ ಅನ್ನುವುದು ಅವಳ ಲೆಕ್ಕ. ನಮ್ಮ ಮನೆಗಳಲ್ಲೂ ಈ ಮಾತು ಕೇಳಿದ್ದೇವೆ, ಅಲ್ವಾ? ಲ್ಯಾಬಿನಲ್ಲಿ ಎಷ್ಟು ಪರೀಕ್ಷೆ ಮಾಡಿದ್ದರೂ ಇದು ಹೊರಗೆ ಬರುತ್ತಿರಲಿಲ್ಲ. ತಂಡದವರು ಅವಳಿಗೆ ಪಾಠ ಹೇಳಲು ಹೋಗಲಿಲ್ಲ. ಅಂಕಿಯನ್ನೇ ತೆಗೆದುಹಾಕಿ, ಸರಿಯಿದೆ ಅಥವಾ ಸರಿಯಿಲ್ಲ ಅಂತಷ್ಟೇ ತೋರಿಸುವ ಗುರುತು ಇಟ್ಟರು. ಕಡಿಮೆ ಮಾಡಿಕೊಳ್ಳಲು ಅಲ್ಲಿ ಅಂಕಿಯೇ ಇರಲಿಲ್ಲ.

ಜೈಪುರ ಕಾಲಿನ ಕಥೆಯೂ ಇದೇ ಜಾತಿಯದು, ಇದಕ್ಕಿಂತ ಹಳೆಯದು. ಪಶ್ಚಿಮದಿಂದ ಬಂದ ಕೃತಕ ಪಾದಕ್ಕೆ ಶೂ ಬೇಕಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು, ಕೆಸರಿನ ಗದ್ದೆಯಲ್ಲಿ ನಡೆಯಲು ಅದರಿಂದ ಆಗುತ್ತಿರಲಿಲ್ಲ. ಹಾಕಿಸಿಕೊಂಡವರು ಮನೆಗೆ ಹೋಗಿ ಅದನ್ನು ಮೂಲೆಗಿಟ್ಟು ಊರುಗೋಲು ಹಿಡಿಯುತ್ತಿದ್ದರು. 1960ರ ದಶಕದಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ರಬ್ಬರಿನ ಪಾದ ಮಾಡಿದರು. ಶರ್ಮರ ಓದು ಕಡಿಮೆ, ಕೈ ಮಾತ್ರ ಬಹಳ ಪಳಗಿದ್ದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮರ ಹೆಸರು ಅಷ್ಟಾಗಿ ಜನರ ಬಾಯಲ್ಲಿ ಇಲ್ಲ ಅನ್ನುವುದು ಬೇಸರದ ಸಂಗತಿ.

ಇನ್ನು ರೋಗಿಯ ಜೊತೆ ಬರುವವರು. ನಮ್ಮಲ್ಲಿ ಒಬ್ಬರು ಅಡ್ಮಿಟ್ ಆದರೆ ಜೊತೆಗೆ ಇಬ್ಬರು ಮೂವರು ಇದ್ದೇ ಇರುತ್ತಾರೆ. ಕಾರಿಡಾರಿನಲ್ಲಿ ಚಾಪೆ, ಫ್ಲಾಸ್ಕು, ಟಿಫಿನ್ ಕ್ಯಾರಿಯರು. ಆಸ್ಪತ್ರೆಗಳು ಇವರನ್ನು ಗದ್ದಲ ಅಂತಲೇ ನೋಡುತ್ತಾ ಬಂದಿವೆ. ಬೆಂಗಳೂರಿನ ನಾರಾಯಣ ಹೃದಯಾಲಯ ಆಸ್ಪತ್ರೆಯಲ್ಲಿ 2012ರ ಸುಮಾರಿಗೆ ಇದೇ ಸ್ಟ್ಯಾನ್‌ಫರ್ಡ್ ತರಗತಿಯ ಇನ್ನೊಂದು ತಂಡ ಇವರ ಜೊತೆ ಮಾತಾಡಿತು. ಆಪರೇಷನ್ ಆದವರನ್ನು ಮನೆಗೆ ಕರೆದುಕೊಂಡು ಹೋದ ಮೇಲೆ ಏನು ಮಾಡಬೇಕು ಅಂತ ಗೊತ್ತಿಲ್ಲದ ಹೆದರಿಕೆ ಎಲ್ಲರಲ್ಲೂ ಇತ್ತು, ಕಲಿಯುವ ಆಸೆಯೂ ಇತ್ತು. ಹೇಗೂ ಇಲ್ಲೇ ಕಾಯುತ್ತಾ ಕೂತಿದ್ದಾರೆ, ಇವರಿಗೇ ಕಲಿಸಿದರೆ? ಹಾಗೆ ಶುರುವಾದದ್ದು ನೂರಾ ಹೆಲ್ತ್. ಗಾಯ ಹೇಗೆ ನೋಡಿಕೊಳ್ಳಬೇಕು, ಕೈ ಹೇಗೆ ತೊಳೆಯಬೇಕು, ಯಾವ ವ್ಯಾಯಾಮ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಅಂತ ವಾರ್ಡಿನಲ್ಲೇ ನರ್ಸುಗಳು ಮನೆಯವರಿಗೆ ಕಲಿಸುವ ಕ್ರಮ ಇದು. ಮುಂದೆ ಇದು ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೂ ಹೋಯಿತು.

ಇದೆಲ್ಲ ಕೇಳಲು ಚೆನ್ನಾಗಿದೆ, ಜೀವ ಉಳಿಯುತ್ತದಾ ಅಂತ ಕೇಳಿದರೆ ಅದಕ್ಕೆ ಗಟ್ಟಿ ಉತ್ತರ ಕೊಟ್ಟದ್ದು ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಹಳ್ಳಿಗಳು. ಏಕ್‌ಜುಟ್ ಅನ್ನುವ ಸಂಸ್ಥೆ 2005ರಿಂದ 2008ರವರೆಗೆ ಮೂರು ಜಿಲ್ಲೆಗಳಲ್ಲಿ ಒಂದು ಪ್ರಯೋಗ ಮಾಡಿತು. 36 ಪ್ರದೇಶಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧದಲ್ಲಿ ಮಹಿಳಾ ಗುಂಪುಗಳು, ಅರ್ಧದಲ್ಲಿ ಇಲ್ಲ. ಗುಂಪು ತಿಂಗಳಿಗೊಮ್ಮೆ ಸೇರುತ್ತಿತ್ತು. ನಡೆಸಿಕೊಡುವವಳು ಅದೇ ಕಡೆಯ ಹೆಣ್ಣುಮಗಳು, ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಚಿತ್ರದ ಕಾರ್ಡು, ಕಥೆ, ಆಟ ಇವೇ ಸಾಧನ. ನಮ್ಮೂರಲ್ಲಿ ಬಾಣಂತಿಯರಿಗೆ, ಹಸುಗೂಸುಗಳಿಗೆ ಏನೇನು ಆಗುತ್ತಿದೆ ಅಂತ ಹೆಂಗಸರೇ ಪಟ್ಟಿ ಮಾಡಿದರು. ಯಾವುದು ಮುಖ್ಯ ಅಂತ ತಾವೇ ಆರಿಸಿದರು. ಏನು ಮಾಡೋಣ ಅಂತ ತಾವೇ ತೀರ್ಮಾನಿಸಿ, ಮಾಡಿ, ಆಮೇಲೆ ಫಲ ಸಿಕ್ಕಿತಾ ಅಂತ ನೋಡಿದರು.

2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗುಂಪುಗಳಿದ್ದ ಕಡೆ, ಹುಟ್ಟಿದ ಮೊದಲ ತಿಂಗಳಲ್ಲಿ ಸಾಯುವ ಶಿಶುಗಳ ಪ್ರಮಾಣ ಮೂರು ವರ್ಷದ ಲೆಕ್ಕದಲ್ಲಿ 32% ಕಡಿಮೆ. ಕೊನೆಯ ಎರಡು ವರ್ಷ ಮಾತ್ರ ತೆಗೆದುಕೊಂಡರೆ 45%. ಮೂರನೇ ವರ್ಷದಲ್ಲಿ ತಾಯಂದಿರ ಖಿನ್ನತೆಯೂ ಗಣನೀಯವಾಗಿ ಇಳಿದಿತ್ತು. ವಿಶೇಷ ಏನೆಂದರೆ ಇವರೆಲ್ಲ ಆಸ್ಪತ್ರೆಗೆ ಜಾಸ್ತಿ ಹೋಗಲು ಶುರು ಮಾಡಿದ್ದರಿಂದ ಆದದ್ದಲ್ಲ ಇದು. ಮನೆಯಲ್ಲೇ ಹೆರಿಗೆ ಮಾಡಿಸುವವರು ಕೈ ತೊಳೆದರು, ಹೊಕ್ಕುಳು ಕಟ್ಟುವ ದಾರವನ್ನು ಕುದಿಸಿದರು, ಕೆಳಗೆ ಶುಚಿಯಾದ ಪ್ಲಾಸ್ಟಿಕ್ ಹಾಳೆ ಹಾಸಿದರು. ಯಾರೋ ಬಂದು ಹೇಳಿದರೆ ಕೇಳದ ಮಾತು, ತಾವೇ ಕೂತು ಯೋಚಿಸಿದಾಗ ನಡೆಯಿತು.

ಅದೇ ಪತ್ರಿಕೆಯಲ್ಲಿ ಅದೇ ಸಮಯಕ್ಕೆ ಬಾಂಗ್ಲಾದೇಶದ ಇಂಥದ್ದೇ ಪ್ರಯೋಗದ ವರದಿಯೂ ಬಂತು. ಅಲ್ಲಿ ಶಿಶು ಮರಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗಿರಲಿಲ್ಲ. ಯಾಕೆ? ಜಾರ್ಖಂಡ್-ಒಡಿಶಾದಲ್ಲಿ ಸುಮಾರು 470 ಜನಸಂಖ್ಯೆಗೆ ಒಂದು ಗುಂಪು ಇತ್ತು. ಬಾಂಗ್ಲಾದಲ್ಲಿ ಸುಮಾರು 1,400 ಜನಕ್ಕೆ ಒಂದು. ಗರ್ಭಿಣಿಯರಲ್ಲಿ ಹೆಚ್ಚಿನವರು ಗುಂಪಿನ ಹತ್ತಿರವೂ ಸುಳಿದಿರಲಿಲ್ಲ. ಆಮೇಲೆ ಅಲ್ಲೇ ಗುಂಪುಗಳನ್ನು ಹೆಚ್ಚು ಮಾಡಿ ಮತ್ತೆ ಪ್ರಯತ್ನಿಸಿದಾಗ ಸಾವು ಇಳಿಯಿತು. 2013ರಲ್ಲಿ ನಾಲ್ಕು ದೇಶಗಳ ಏಳು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಇದೇ ಕಂಡಿತು. ಗರ್ಭಿಣಿಯರಲ್ಲಿ ಮೂರನೇ ಒಂದರಷ್ಟು ಮಂದಿಯಾದರೂ ಗುಂಪಿಗೆ ಬಂದಲ್ಲಿ ಫಲ ಚೆನ್ನಾಗಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಹಳ್ಳಿಗಾಡಿಗೆ ಇಂಥ ಗುಂಪುಗಳನ್ನು ಶಿಫಾರಸು ಮಾಡಿತು.

ಕೋ-ಡಿಸೈನ್ ಹೆಸರಲ್ಲಿ ನಡೆಯುವ ಎಷ್ಟೋ ಸಭೆಗಳು ಬಾಂಗ್ಲಾದ ಮೊದಲ ಪ್ರಯೋಗದ ಹಾಗೆಯೇ. ಕರೆದದ್ದು ಹತ್ತು ಜನರನ್ನು, ಅದರಲ್ಲಿ ಎಂಟು ಮಂದಿ ನಿವೃತ್ತರು, ಮಾತು ಬಲ್ಲವರು, ಬಿಡುವಿದ್ದವರು. ದಿನಗೂಲಿಯವಳು ಬರುವುದಿಲ್ಲ, ಏಕೆಂದರೆ ಬಂದರೆ ಅವತ್ತಿನ ಕೂಲಿ ಹೋಯಿತು. ಅವಳ ಹೊತ್ತಿಗೆ ದುಡ್ಡು ಕೊಡಬೇಕು, ಬಸ್ ಚಾರ್ಜ್ ಕೊಡಬೇಕು, ಮಗುವನ್ನು ನೋಡಿಕೊಳ್ಳುವವರು ಬೇಕು. ಸಭೆಗೆ ಸಮೋಸ ತರಿಸುವ ಬಜೆಟ್ಟಿನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲೇ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಬಿಡಿಸಿ ತೋರಿಸಿದ್ದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಕೂರಿಸಿ ತಲೆಯಾಡಿಸುವಂತೆ ಮಾಡುವುದು, ಮೇಲಿನ ಮೆಟ್ಟಿಲುಗಳಲ್ಲಿ ತೀರ್ಮಾನ ಅವರ ಕೈಗೆ ಬರುವುದು. ಬಹುತೇಕ ಸಭೆಗಳು ಮಧ್ಯದಲ್ಲೆಲ್ಲೋ ನಿಂತುಬಿಡುತ್ತವೆ.

ಹಾಗಂತ ಎಲ್ಲವನ್ನೂ ಕೈ ಎತ್ತಿಸಿ ತೀರ್ಮಾನಿಸುವುದೂ ಅಲ್ಲ. ಯಾವ ಆ್ಯಂಟಿಬಯಾಟಿಕ್, ಎಷ್ಟು ಡೋಸ್ ಅನ್ನುವುದು ಡಾಕ್ಟರ ಕೆಲಸ. ಆದರೆ ಆ ಮಾತ್ರೆಯ ಚೀಟಿಯಲ್ಲಿ 1-0-1 ಅಂತ ಬರೆದದ್ದು ಓದಲು ಬಾರದ ಅಜ್ಜಿಗೆ ಅರ್ಥವಾಗುತ್ತದಾ ಅನ್ನುವುದು ಅಜ್ಜಿಯನ್ನೇ ಕೇಳಬೇಕಾದ ಪ್ರಶ್ನೆ.

ನಮ್ಮಲ್ಲಿ ಇದಕ್ಕೆ ಬೇಕಾದ ಜಾಗ ಆಗಲೇ ಇದೆ. ಪಿಎಚ್‌ಸಿಗಳಲ್ಲಿ ಆರೋಗ್ಯ ರಕ್ಷಾ ಸಮಿತಿ, ಹಳ್ಳಿಗಳಲ್ಲಿ ಗ್ರಾಮ ಆರೋಗ್ಯ ಸಮಿತಿ. ಅವು ಸುಣ್ಣ-ಬಣ್ಣದ ಬಿಲ್ ಪಾಸು ಮಾಡುವ ಸಭೆಯಷ್ಟೇ ಆಗಬೇಕಿಲ್ಲ. ಲೂಟನ್ನಿನ ಹಾಗೆ ಪೂರ್ತಿ ಮಾಡಲು ಸುಮಾರು ಒಂದು ವರ್ಷ ಬೇಕು, ಅಷ್ಟು ಹೊತ್ತು ಯಾರಿಗಿದೆ ಅನ್ನಬಹುದು. ಇಂಗ್ಲೆಂಡಿನಲ್ಲೂ ಇದೇ ಮಾತು ಬಂತು. ಹಾಗಾಗಿ ಎರಡು ಆಸ್ಪತ್ರೆಗಳಲ್ಲಿ ಹೊಸದಾಗಿ ವಿಡಿಯೋ ಮಾಡುವ ಬದಲು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ದೇಶದ ಬೇರೆ ಬೇರೆ ಕಡೆಯ ರೋಗಿಗಳಿಂದ ಆಗಲೇ ಹೇಳಿಸಿ ಇಟ್ಟಿದ್ದ ವಿಡಿಯೋಗಳನ್ನೇ ಬಳಸಿ ನೋಡಿದರು. ಹೊತ್ತು ಸುಮಾರು ಅರ್ಧಕ್ಕೆ ಇಳಿಯಿತು. ಸಿಬ್ಬಂದಿಗೂ ಅದು ಹಗುರವಾಯಿತು. ಪರದೆಯ ಮೇಲೆ ದೂರುತ್ತಿದ್ದವರು ಬೇರೆ ಆಸ್ಪತ್ರೆಯ ರೋಗಿಗಳು, ಹಾಗಾಗಿ ಯಾರೂ ತಮ್ಮ ಪರ ವಾದಿಸಲು ಹೊರಡಲಿಲ್ಲ. "ಇದು ನಮ್ಮಲ್ಲೂ ಹೀಗೇ ಇದೆಯಾ?" ಅಂತ ನೋಡಿಕೊಳ್ಳುವುದು ಸುಲಭವಾಯಿತು. ಒಂದು ಜಿಲ್ಲೆಯ ಹತ್ತಿಪ್ಪತ್ತು ಬಾಣಂತಿಯರ, ಡಯಾಲಿಸಿಸ್‌ಗೆ ಬರುವವರ, ಟಿಬಿ ಮಾತ್ರೆ ಮುಗಿಸಿದವರ ಮಾತನ್ನು ಅವರ ಒಪ್ಪಿಗೆ ಪಡೆದು, ಅವರದೇ ಕನ್ನಡದಲ್ಲಿ ಒಂದು ಫೋನಿನಲ್ಲಿ ಹಿಡಿದಿಟ್ಟರೆ, ಪಕ್ಕದ ಜಿಲ್ಲೆಯ ಸಮಿತಿ ಸಭೆಯನ್ನು ಅದರಿಂದಲೇ ಶುರು ಮಾಡಬಹುದು.